ಜೀಪು ಉಣುಗೋಲಿನ ಆಚೆ ನಿಲ್ಲುವುದೇಕೆ

ರಾತ್ರಿ ಜಗಳದ ಕರೆ ಬಂತು ಅಂತ ಒಂಟಿ ಮನೆಗೆ ಬರುವ ಪೊಲೀಸರಲ್ಲಿ ಪಳಗಿದವರು ಯಾರು, ಹೊಸಬರು ಯಾರು ಅಂತ ಗುರುತಿಸುವುದು ಕಷ್ಟವಲ್ಲ. ಜೀಪು ಎಲ್ಲಿ ನಿಲ್ಲಿಸಿದರು ಅಂತ ನೋಡಿದರೆ ಸಾಕು. ಹೊಸಬರು ಸೀದಾ ಅಂಗಳಕ್ಕೆ ತರುತ್ತಾರೆ. ಹೆಡ್‌ಲೈಟ್ ಜಗಲಿಗೆ ಬಿಟ್ಟು, ಬಾಗಿಲು ಧಡಾರನೆ ತೆಗೆದು ಇಳಿಯುತ್ತಾರೆ. ಪಳಗಿದವರು ಉಣುಗೋಲಿನ (ಅಂಗಳದ ಬಾಯಿಗೆ ಅಡ್ಡ ಹಾಕುವ ಗಳುಗಳ ಗೇಟು) ಆಚೆಯೇ ನಿಲ್ಲಿಸುತ್ತಾರೆ. ಮೊದಲು ಗಾಡಿ ತಿರುಗಿಸಿ ಮೂತಿಯನ್ನು ರಸ್ತೆ ಕಡೆಗೆ ಮಾಡಿಕೊಳ್ಳುತ್ತಾರೆ. ಡ್ರೈವರ್ ಸೀಟು ಬಿಟ್ಟು ಏಳುವುದಿಲ್ಲ. ಉಳಿದವರು ಇಳಿದು ಸ್ವಲ್ಪ ಹೊತ್ತು ಸುಮ್ನೆ ಕತ್ತಲಲ್ಲಿ ನಿಂತಿರುತ್ತಾರೆ. ಹೆದರಿ ನಿಂತಿದ್ದಾರೆ ಅಂತ ಮನೆಯವರಿಗೆ ಅನ್ನಿಸಬಹುದು. ಸ್ವಲ್ಪ ಹೆದರಿಕೆ ಇರುವುದೂ ನಿಜ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲಿ, ಒಳಗಿನ ಸದ್ದು ಕಿವಿಗೆ ಬೀಳಲಿ ಅಂತ ಕಾಯುವುದೂ ನಿಜ.

ಇದನ್ನೆಲ್ಲ ನನಗೆ ಹೇಳಿಕೊಟ್ಟವರು ನನ್ನ ಚಿಕ್ಕಪ್ಪ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಕಾನ್‌ಸ್ಟೇಬಲ್ ಆಗಿ ತಿರುಗಿ, ಎಎಸ್‌ಐ ಆಗಿ ನಿವೃತ್ತರಾದವರು. ನಾನು ವಕೀಲ. ಪೊಲೀಸರನ್ನು ಕಟಕಟೆಯಲ್ಲಿ ನಿಲ್ಲಿಸಿ ಪಾಟೀಸವಾಲು ಮಾಡುವುದು ನನ್ನ ಹೊಟ್ಟೆಪಾಡು. ಹಾಗಾಗಿ ಹಬ್ಬಕ್ಕೆ ಸೇರಿದಾಗೆಲ್ಲ ನಮ್ಮಿಬ್ಬರ ನಡುವೆ ಒಂದು ವಾದ ಇದ್ದದ್ದೇ. ಕೋರ್ಟಿನಲ್ಲಿ ನಾವು ಕೇಳುವುದು ಕೊನೆಯ ಎರಡು ಸೆಕೆಂಡಿನ ಬಗ್ಗೆ. ಅವನು ಕತ್ತಿ ಎತ್ತಿದನಾ? ನೀವು ಎಷ್ಟು ದೂರ ಇದ್ರಿ? ಗುಂಡು ಯಾವಾಗ ಹಾರಿಸಿದ್ರಿ? ಚಿಕ್ಕಪ್ಪನ ಪ್ರಕಾರ ಅಷ್ಟೊತ್ತಿಗೆ ಮುಗಿಯಬೇಕಾದ್ದು ಮುಗಿದಿರುತ್ತದೆ. ಠಾಣೆಯಿಂದ ಎಷ್ಟು ಜನ ಹೊರಟರು, ಯಾರನ್ನು ಕೇಳಿಕೊಂಡು ಹೋದರು, ಗಾಡಿ ಎಲ್ಲಿ ನಿಲ್ಲಿಸಿದರು, ಅಲ್ಲೇ ಅರ್ಧ ಫಲಿತಾಂಶ ತೀರ್ಮಾನ ಆಗಿರುತ್ತದೆ. ವಕೀಲನಾಗಿ ಇದನ್ನು ಒಪ್ಪುವುದು ನನಗೆ ಲಾಭದ ಮಾತೇ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಕತ್ತಿಯ ವಿಷಯ. ಬಯಲುಸೀಮೆಯಿಂದ ವರ್ಗವಾಗಿ ಬಂದ ಪ್ರೊಬೇಷನರಿ ಪಿಎಸ್‌ಐಗಳಿಗೆ ನಮ್ಮ ಸಂತೆ ಮೊದಲ ವಾರ ಗಾಬರಿ ಹುಟ್ಟಿಸುತ್ತದಂತೆ. ಎಲ್ಲಿ ನೋಡಿದರೂ ಸೊಂಟದಲ್ಲಿ ಕತ್ತಿ ಸಿಕ್ಕಿಸಿಕೊಂಡ ಗಂಡಸರು. ಬೆಂಗಳೂರಿನ ಬಸ್‌ಸ್ಟ್ಯಾಂಡಿನಲ್ಲಿ ಅಂಥವನೊಬ್ಬ ಕಂಡರೆ ಪೊಲೀಸರ ಹೊಯ್ಸಳ ಗಾಡಿ ಓಡಿ ಬರುತ್ತದೆ. ಇಲ್ಲಿ ಅವನು ಸೊಪ್ಪು ಕಡಿಯಲು ಹೊರಟವನು. ಹಾಗಾದರೆ ನೋಡುವುದು ಏನನ್ನು? ಹೊತ್ತು ಮತ್ತು ಬಟ್ಟೆ, ಅಂದರು ಚಿಕ್ಕಪ್ಪ. ಕೆಸರು ಮೆತ್ತಿದ ಪಂಚೆ, ಸೊಂಟದಲ್ಲಿ ಕತ್ತಿ, ಬೆಳಗ್ಗೆ ಎಂಟು ಗಂಟೆ ಅಂದರೆ ಅವನ ಪಾಡಿಗೆ ಅವನು. ರಾತ್ರಿ ಹತ್ತು ಗಂಟೆಗೆ, ಊಟ ಮಾಡಿ ಮಲಗುವ ಪಂಚೆಯಲ್ಲಿ, ಜಗಲಿಯ ತುದಿಗೆ ಕೂತವನ ಕೈಯಲ್ಲಿ ಅದೇ ಕತ್ತಿ ಇದ್ದರೆ ಅದಕ್ಕೊಂದು ಕೆಲಸ ಇರಲೇಬೇಕು. ಆ ಕೆಲಸ ಏನು ಅಂತ ಗೊತ್ತಾಗುವ ತನಕ ಉಣುಗೋಲು ದಾಟುವ ಹಾಗಿಲ್ಲ.

ಕೋವಿಯದು ಇನ್ನೂ ಸೂಕ್ಷ್ಮ. ಬೆಳೆ ಕಾಯಲು ಲೈಸೆನ್ಸ್ ಪಡೆದ ಒಂಟಿ ನಳಿಗೆ, ಜೋಡಿ ನಳಿಗೆ ಕೋವಿ ಮಲೆನಾಡಿನ ಎಷ್ಟೋ ಮನೆಗಳಲ್ಲಿದೆ. ತನ್ನ ಸರಹದ್ದಿನಲ್ಲಿ ಯಾರ ಹೆಸರಿಗೆ ಲೈಸೆನ್ಸ್ ಇದೆ ಅನ್ನುವ ಪಟ್ಟಿ ಠಾಣೆಯಲ್ಲಿರುತ್ತದೆ. ಚುನಾವಣೆ ಬಂದಾಗ ಸಾಮಾನ್ಯವಾಗಿ ಕೋವಿಗಳನ್ನು ಠಾಣೆಗೆ ತಂದು ಒಪ್ಪಿಸಲು ಹೇಳುತ್ತಾರೆ. ಆ ತಿಂಗಳುಗಳಲ್ಲಿ ಮಂಗ, ಹಂದಿ ಬಂದು ತೋಟ ಗದ್ದೆ ಹಾಳು ಮಾಡುತ್ತವೆ ಅಂತ ರೈತರು ಬೈಯುವುದೂ ಇದ್ದದ್ದೇ. ಅದು ಸಿಟ್ಟು ಬರುವಂಥದ್ದೇ ಬಿಡಿ. ಪಟ್ಟಿಯಲ್ಲಿ ಇಲ್ಲದ ನಾಡ ಬಂದೂಕಿನ ಲೆಕ್ಕ ಮಾತ್ರ ಯಾರ ಹತ್ತಿರವೂ ಇಲ್ಲ. ಆದ್ದರಿಂದ ಪಟ್ಟಿ ನೋಡಿ ಹೊರಟರೂ ಮನೆಯೊಳಗೆ ಕಾಲಿಟ್ಟ ಕೂಡಲೇ ಚಿಕ್ಕಪ್ಪನ ಕಣ್ಣು ಹೋಗುತ್ತಿದ್ದುದು ನಡುಮನೆಯ ಗೋಡೆಗೆ. ಕೋವಿ ತೂಗುಹಾಕುವ ಗೂಟಗಳಿಗೆ. ಗೂಟ ಎರಡೂ ಇದ್ದು, ಅವುಗಳ ನಡುವೆ ಹೊಗೆ ಹಿಡಿಯದ ಬಿಳಿ ಪಟ್ಟೆ ಉದ್ದಕ್ಕೆ ಕಾಣುತ್ತಿದ್ದರೆ, ಕೋವಿ ಅಲ್ಲಿಂದ ಎದ್ದು ಹೆಚ್ಚು ದಿನ ಆಗಿಲ್ಲ ಅಂತ ಅರ್ಥ.

ಇದಕ್ಕೆಲ್ಲ ಪುಸ್ತಕ ಇಲ್ಲ ಅಂತ ಚಿಕ್ಕಪ್ಪ ತಿಳಿದಿದ್ದರು. ಇದೆ, ಹೊರದೇಶದಲ್ಲಿ ಬೇಕಾದಷ್ಟಿದೆ. 1983ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನಿಸ್ ಟ್ಯೂಲರ್ ಒಂದು ಲೆಕ್ಕ ಹಾಕಿದ. ಚಾಕು ಹಿಡಿದವನೊಬ್ಬ 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ಓಡಿ ದಾಟಬಲ್ಲ. ಸೊಂಟದ ಪಿಸ್ತೂಲು ತೆಗೆದು ಗುರಿ ಹಿಡಿಯಲೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ನಮ್ಮ ಮನೆಗಳಲ್ಲಿ ಜಗಲಿಯಿಂದ ತುಳಸಿಕಟ್ಟೆಯ ಆಚೆಗೆ ಅಷ್ಟು ದೂರ ಆಗುತ್ತದೆ. ಟ್ಯೂಲರ್ ಹೇಳಬೇಕೆಂದಿದ್ದು ದೂರ ಇಟ್ಟುಕೊಳ್ಳಿ, ಅಡ್ಡಕ್ಕೆ ಏನಾದರೂ ಇಟ್ಟುಕೊಳ್ಳಿ ಅಂತ. ಆದರೆ ಅದು ಬಾಯಿಂದ ಬಾಯಿಗೆ ಹೋಗುತ್ತಾ, 21 ಅಡಿಯೊಳಗೆ ಬಂದವನಿಗೆ ಗುಂಡು ಹೊಡೆಯಬಹುದು ಅನ್ನುವ ನಿಯಮದ ಹಾಗೆ ಅಲ್ಲಿ ಎಷ್ಟೋ ಕಡೆ ಬಳಕೆಗೆ ಬಂತು. ಹುಷಾರಾಗಿರಲು ಹೇಳಿದ ಲೆಕ್ಕ ಕೊಲ್ಲಲು ಸಮಜಾಯಿಷಿ ಆಯಿತು.

ದೂರ ಕಳೆದುಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ 2014ರ ನವೆಂಬರ್‌ನಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ನಡೆದದ್ದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ. ಪಾರ್ಕಿನಲ್ಲಿ ಯಾರೋ ಬಂದೂಕು ತೋರಿಸುತ್ತಿದ್ದಾನೆ ಅಂತ ಒಬ್ಬರು ಫೋನ್ ಮಾಡಿದರು. ಬಹುಶಃ ಆಟದ ಬಂದೂಕು, ಅವನೂ ಬಹುಶಃ ಹುಡುಗ ಅಂತಲೂ ಹೇಳಿದರು. ಆ ಎರಡು ಮಾತು ಗಾಡಿಯಲ್ಲಿದ್ದ ಪೊಲೀಸರಿಗೆ ತಲುಪಲೇ ಇಲ್ಲ. ಗಾಡಿ ಹುಲ್ಲಿನ ಮೇಲೆ ಹೋಗಿ ಹುಡುಗನ ಪಕ್ಕದಲ್ಲೇ ನಿಂತಿತು. ಎರಡು ಸೆಕೆಂಡಿನೊಳಗೆ ಗುಂಡು ಹಾರಿತು. ಸತ್ತವನು ತಮೀರ್ ರೈಸ್, 12 ವರ್ಷ. ಕೈಯಲ್ಲಿದ್ದದ್ದು ಆಟದ ಬಂದೂಕು. ಆ ಎರಡು ಸೆಕೆಂಡನ್ನು ಎಷ್ಟು ಕೆದಕಿದರೂ ಸಿಗುವುದು ಹೆದರಿದ ಒಬ್ಬ ಪೊಲೀಸ್. ಗಾಡಿ ದೂರದಲ್ಲಿ ನಿಂತಿದ್ದರೆ? ಫೋನ್ ಎತ್ತಿದವರು ಆ ಎರಡು ಮಾತು ದಾಟಿಸಿದ್ದರೆ? ಚಿಕ್ಕಪ್ಪನಿಗೆ ಈ ಕಥೆ ಹೇಳಿದಾಗ ಅವರು ಕೇಳಿದ್ದು ಒಂದೇ. "ಗಾಡಿ ಓಡಿಸ್ತಿದ್ದೋನು ಎಷ್ಟು ವರ್ಷ ಸರ್ವೀಸಿನವನು ಮಾರಾಯ?"

ಅವರ ಒಂದು ರಾತ್ರಿಯ ಕಥೆ ಇಲ್ಲಿ ಹೇಳಲೇಬೇಕು. ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆ. ಅಣ್ಣತಮ್ಮಂದಿರ ಬೇಣದ (ಹುಲ್ಲುಗಾವಲಿನ) ಗಡಿ ಜಗಳ. ತಮ್ಮ ಕುಡಿದು ಬಂದು ಕತ್ತಿ ಹಿಡಿದು ಜಗಲಿಯಲ್ಲಿ ಕೂತಿದ್ದಾನೆ. ಅಣ್ಣ, ಅತ್ತಿಗೆ, ಮುದುಕಿ ತಾಯಿ ಒಳಗೆ ಚಿಲಕ ಹಾಕಿಕೊಂಡಿದ್ದಾರೆ. ಠಾಣೆಯಿಂದ ಬಂದವರು ಮೂರು ಜನ. ಇನ್ನೊಂದು ಗಾಡಿ ಬೇಕೆಂದರೆ ಒಂದು ಗಂಟೆ ದಾರಿ, ನಡುವೆ ಮರ ಬಿದ್ದಿದ್ದರೆ ಅದೂ ಇಲ್ಲ. ಮೊಬೈಲಿಗೆ ಸಿಗ್ನಲ್ ಇಲ್ಲ. ಕೊಟ್ಟಿಗೆಯ ಶೀಟಿನ ಮೇಲೆ ಮಳೆಯ ಸದ್ದು ಬೇರೆ.

ಚಿಕ್ಕಪ್ಪ ಉಣುಗೋಲಿನ ಹತ್ತಿರ ನಿಂತು ನೋಡಿದ್ದು ನಾಯಿಯನ್ನು. ಮನೆ ನಾಯಿ ಜಗಲಿಯ ಮೇಲೆ ಅವನ ಕಾಲ ಬುಡದಲ್ಲೇ ಮಲಗಿತ್ತು. ಸ್ವಲ್ಪ ಹೊತ್ತಿಗೆ ಮುಂಚೆ ಅವನು ಕತ್ತಿ ಬೀಸಿ ರಂಪ ಮಾಡಿದ್ದರೆ ಆ ನಾಯಿ ಅಲ್ಲಿರುತ್ತಿರಲಿಲ್ಲ. ಮನೆಯ ಬಾಗಿಲ ಮೇಲೆ ಕಚ್ಚು ಬಿದ್ದ ಗುರುತೂ ಇಲ್ಲ. ಆಮೇಲೆ ಒಳಗಿನ ಸದ್ದು. ಮುದುಕಿ ಏನೋ ಗೊಣಗುತ್ತಿದ್ದಳು, ಕಿರುಚಾಟ ಇರಲಿಲ್ಲ. ಅಂದರೆ ಒಳಗಿನವರಿಗೆ ಸದ್ಯಕ್ಕೆ ಏನೂ ಆಗಿಲ್ಲ. ಹೊತ್ತು ಹೋದಷ್ಟೂ ಕುಡಿದದ್ದು ಇಳಿಯುತ್ತದೆ, ಮೈ ತಣ್ಣಗಾಗುತ್ತದೆ. ಇಬ್ಬರಲ್ಲಿ ಒಬ್ಬ ಪೇದೆಯನ್ನು ಬಚ್ಚಲ ಕಡೆಯಿಂದ ಹಿತ್ತಿಲ ಬಾಗಿಲಿಗೆ ಕಳಿಸಿದರು. ತಾವು ಟಾರ್ಚು ಅವನ ಮುಖಕ್ಕೆ ಬಿಡದೆ ತಮ್ಮ ಕಾಲಿಗೇ ಬಿಟ್ಟುಕೊಂಡು ನಿಧಾನಕ್ಕೆ ಒಳಗೆ ಬಂದರು. ತುಳಸಿಕಟ್ಟೆ ಅಡ್ಡ ಇಟ್ಟುಕೊಂಡು ನಿಂತರು.

"ಅಡಿಕೆಗೆ ಕೊಳೆ ಔಷಧಿ ಹೊಡ್ದಾಯ್ತನಾ?" ಅಂತ ಕೇಳಿದರಂತೆ.

ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಒಂದ್ಸಲ ಆಗಿದೆ. ಎರಡ್ನೇದಕ್ಕೆ ಮಳೆ ಎಲ್ಲಿ ಬಿಡ್ತದೆ?" ಅಂದ. ಅಲ್ಲಿಂದ ಸುಣ್ಣ, ಮೈಲುತುತ್ತಿನ ರೇಟು, ಔಷಧಿ ಹೊಡೆಯುವವರು ಸಿಗದ ಕಷ್ಟ. ಎಷ್ಟೋ ಹೊತ್ತಾದ ಮೇಲೆ ಚಿಕ್ಕಪ್ಪ ಹೇಳಿದ್ದು, "ಚಳಿ ಮಾರಾಯ, ಒಂದು ಕವಳ ಕೊಡು ನೋಡಾಣ." ಕವಳ ಅಂದರೆ ಎಲೆಯಡಿಕೆ, ಅದನ್ನು ಕಟ್ಟಲು ಎರಡು ಕೈ ಬೇಕು. ಎಲೆ ಒಂದು ಕೈಯಲ್ಲಿ, ಸುಣ್ಣ ಹಚ್ಚುವುದು ಇನ್ನೊಂದರಲ್ಲಿ. ಅವನು ಕತ್ತಿಯನ್ನು ಪಕ್ಕಕ್ಕೆ ಇಟ್ಟು ಹರಿವಾಣ ಹತ್ತಿರ ಎಳೆದುಕೊಂಡ. ಹಿತ್ತಿಲಿಂದ ಸುತ್ತಿ ಬಂದಿದ್ದ ಪೇದೆ ಕತ್ತಿ ಎತ್ತಿಕೊಂಡ. ಚಿಕ್ಕಪ್ಪ ಆ ಕವಳ ಹಾಕಿಕೊಂಡೇ ಅವನನ್ನು ಜೀಪಿಗೆ ಕರೆದುಕೊಂಡು ಹೋದರು.

ಈ ಕಥೆ ಕೇಳಿದವರೆಲ್ಲ ಕವಳವನ್ನು ಮೆಚ್ಚಿಕೊಳ್ಳುತ್ತಾರೆ. ಚಿಕ್ಕಪ್ಪನಿಗೆ ಅದು ಕಿರಿಕಿರಿ. ಅವರಿಗೆ ಮುಖ್ಯ ಅನ್ನಿಸುವುದು ಅದಕ್ಕೆ ಮುಂಚಿನ ಪ್ರಶ್ನೆ. ಹೊತ್ತು ಹೋದ ಹಾಗೆ ಅಪಾಯ ಯಾರಿಗೆ ಜಾಸ್ತಿ ಆಗುತ್ತದೆ? "ಒಳಗೆ ಮಗು ಕಿರುಚಿದ್ದು ಕೇಳಿದ್ರೆ ನಾನು ಔಷಧಿ ವಿಚಾರ ಮಾತಾಡ್ತಾ ನಿಲ್ತಿದ್ನಾ? ಬಾಗ್ಲು ಒದ್ದು ಹೋಗ್ಬೇಕಿತ್ತು. ನನಗೆ ಏಟು ಬಿದ್ರೆ ಬಿತ್ತು." ಒಳಗೆ ಗಾಯಗೊಂಡವರಿದ್ದರೆ, ಬೆಂಕಿ ಇದ್ದರೆ, ಕೈಗೆ ಸಿಕ್ಕ ಹೆಂಗಸು ಮಕ್ಕಳಿದ್ದರೆ ಕಾಯುವುದೇ ತಪ್ಪು. ಇಲ್ಲದಿದ್ದರೆ ನುಗ್ಗುವುದೇ ತಪ್ಪು. ಇದನ್ನು ತೀರ್ಮಾನ ಮಾಡಲು ಬೇಕಾದ ಮಾಹಿತಿ ಸಿಗುವುದು ಉಣುಗೋಲಿನ ಹತ್ತಿರ ನಿಂತ ಆ ಮೊದಲ ನಿಮಿಷದಲ್ಲೇ.

ಅಮೆರಿಕದ ಮೆಂಫಿಸ್‌ನಲ್ಲಿ ಇದೇ ಪಾಠವನ್ನು ಒಂದು ಸಾವಿನ ನಂತರ ಕಲಿತರು. 1987ರಲ್ಲಿ ಅಲ್ಲಿ ಚಾಕು ಹಿಡಿದಿದ್ದ ಮಾನಸಿಕ ಕಾಯಿಲೆಯ ಯುವಕನನ್ನು ಪೊಲೀಸರು ಗುಂಡಿಟ್ಟು ಕೊಂದರು. ಮರುವರ್ಷ, ಆಸ್ಪತ್ರೆಯವರು ಮತ್ತು ರೋಗಿಗಳ ಮನೆಯವರ ಜೊತೆ ಸೇರಿ ಪೊಲೀಸರಿಗೆ 40 ಗಂಟೆಯ ಬೇರೆ ತರಬೇತಿ ಶುರು ಮಾಡಿದರು. ಆಮೇಲೆ ಲೂಯಿವಿಲ್ ನಗರದ ಪೊಲೀಸರಿಗೆ ದೂರ, ಅಡ್ಡ, ಸಮಯ ಈ ಮೂರನ್ನೂ ಬಳಸುವ ತರಬೇತಿ ಕೊಟ್ಟು ಅಳೆದು ನೋಡಿದಾಗ ಬಲಪ್ರಯೋಗದ ಘಟನೆಗಳು ಶೇ 28ರಷ್ಟು ಇಳಿದಿದ್ದವು. ಪೊಲೀಸರಿಗೆ ಆಗುವ ಗಾಯಗಳು ಶೇ 36ರಷ್ಟು ಇಳಿದಿದ್ದವು. ನಿಧಾನ ಮಾಡಿದರೆ ಪೊಲೀಸರ ಜೀವಕ್ಕೇ ಅಪಾಯ ಅನ್ನುವವರಿಗೆ ಈ ಎರಡನೇ ಅಂಕಿ ತೋರಿಸಬೇಕು.

ನಮ್ಮಲ್ಲೂ ಕಾನೂನು ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಮಾನಸಿಕ ಕಾಯಿಲೆಯಿಂದ ತನಗೋ ಬೇರೆಯವರಿಗೋ ಅಪಾಯ ತರಬಹುದಾದವನನ್ನು ಠಾಣಾಧಿಕಾರಿ ತನ್ನ ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತಪಾಸಣೆಗೆ ಕರೆದೊಯ್ಯಬೇಕು. ಲಾಕಪ್‌ಗೆ ಹಾಕುವಂತಿಲ್ಲ. ಹೊಸನಗರದ ಯಾವುದೋ ಮೂಲೆಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ರಾತ್ರಿ ಕರೆತರುವುದು ಹೇಗೆ, ಗಾಡಿಯಲ್ಲಿ ಯಾರು ಅವನ ಪಕ್ಕ ಕೂರುವುದು ಅನ್ನುವುದನ್ನು ಮಾತ್ರ ಕಾನೂನು ಹೇಳುವುದಿಲ್ಲ.

ದೂರದ ಮಾತು ಬಂದಾಗ ತುಮರಿ ಕಡೆಯ ನೆನಪಾಗುತ್ತದೆ. ಶರಾವತಿ ಹಿನ್ನೀರಿನ ಆಚೆ ದಡದವರಿಗೆ ಲಾಂಚೇ ಗತಿಯಾಗಿದ್ದ ಕಾಲದಲ್ಲಿ, ಸಂಜೆ ಲಾಂಚು ನಿಂತ ಮೇಲೆ ಆ ಕಡೆ ಗಲಾಟೆ ಆದರೆ ಸಾಗರದಿಂದ ಜನ ಬೇಗ ಬರುವ ಮಾತೇ ಇರಲಿಲ್ಲ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆಯಿತು. ಪೇಪರಿನಲ್ಲಿ ಎಲ್ಲರೂ ಸಿಗಂದೂರಿಗೆ ಹೋಗುವ ಭಕ್ತರ ಬಗ್ಗೆ, ಬಾಣಂತಿಯರ ಬಗ್ಗೆ ಬರೆದರು. ಸರಿಯೇ. ಆದರೆ 2.44 ಕಿಲೋಮೀಟರ್ ಸೇತುವೆಯಿಂದ ಆ ದಡದಲ್ಲಿ ಒಬ್ಬನೇ ಇರುವ ಬೀಟ್ ಪೊಲೀಸನ ಲೆಕ್ಕಾಚಾರವೂ ಬದಲಾಯಿತು. ಬೆನ್ನಿಗೆ ಜನ ಬರುತ್ತಾರೆ ಅಂತ ಗೊತ್ತಿದ್ದವನು ಕಾಯುತ್ತಾನೆ. ಯಾರೂ ಬರುವುದಿಲ್ಲ ಅಂತ ಗೊತ್ತಿದ್ದವನು ಒಂದೋ ಹಿಂದೆ ಸರಿಯುತ್ತಾನೆ, ಇಲ್ಲವೇ ಅವಸರ ಮಾಡುತ್ತಾನೆ.

ಈಗ ವಕೀಲನ ಮಾತು. ನಮ್ಮ ಜಿಲ್ಲೆಯ ಪೇಪರ್ ಓದುವವರಿಗೆ ಒಂದು ಸುದ್ದಿ ಬಾಯಿಪಾಠ ಆಗಿದೆ. ಆಯುಧ ತೋರಿಸುತ್ತೇನೆ ಅಂದ ಆರೋಪಿಯನ್ನು ಬೆಳಗಿನ ಜಾವ ಕರೆದುಕೊಂಡು ಹೋದಾಗ, ಅವನು ಅದೇ ಆಯುಧದಿಂದ ಪೇದೆಯ ಮೇಲೆ ಹಲ್ಲೆ ಮಾಡಿದ. ಗಾಳಿಯಲ್ಲಿ ಗುಂಡು ಹಾರಿಸಿ ಎಚ್ಚರಿಸಿದರೂ ಕೇಳಲಿಲ್ಲ. ಆತ್ಮರಕ್ಷಣೆಗಾಗಿ ಕಾಲಿಗೆ ಗುಂಡು. ಇವೆಲ್ಲವೂ ಸುಳ್ಳು ಅಂತ ನಾನು ಹೇಳುವುದಿಲ್ಲ. ನಿಜವಾಗಿ ಏಟು ತಿಂದ ಪೇದೆಗಳನ್ನೂ ನೋಡಿದ್ದೇನೆ. ನನ್ನ ಪ್ರಶ್ನೆ ಗುಂಡಿನ ಬಗ್ಗೆ ಅಲ್ಲವೇ ಅಲ್ಲ. ಕೊಲೆ ಆರೋಪ ಇರುವವನು, ಆಯುಧ ಬಚ್ಚಿಟ್ಟ ಜಾಗ ಅವನೊಬ್ಬನಿಗೇ ಗೊತ್ತು, ಅಲ್ಲಿಗೆ ಅವನನ್ನು ಕರೆದೊಯ್ಯುತ್ತಿದ್ದೀರಿ. ಆಯುಧ ಅವನ ಕೈಗೆ ಎಟುಕುವಷ್ಟು ಹತ್ತಿರ ಬಿಟ್ಟವರು ಯಾರು? ಎಷ್ಟು ಜನ ಹೋಗಿದ್ದಿರಿ? ಬೆಳಕು ಹರಿಯುವ ತನಕ ಯಾಕೆ ಕಾಯಲಿಲ್ಲ? ಚಿಕ್ಕಪ್ಪನ ಉಣುಗೋಲಿನ ಪಾಠ ನನಗೆ ಲಾಭ ಅಂದದ್ದು ಇದಕ್ಕೇ. ಈ ಪ್ರಶ್ನೆಗಳಿಗೆ ಉತ್ತರ ಕೊಡುವುದು ಕೊನೆಯ ಎರಡು ಸೆಕೆಂಡಿನ ಪ್ರಶ್ನೆಗಿಂತ ಬಹಳ ಕಷ್ಟ.

ಕಾಲಿಗೆ ಹೊಡೆದರೆ ಏನೂ ಆಗುವುದಿಲ್ಲ ಅನ್ನುವ ನಂಬಿಕೆಯೂ ಅಷ್ಟೇ ಪೊಳ್ಳು. ತೊಡೆಯಲ್ಲಿ ದೊಡ್ಡ ರಕ್ತನಾಳ ಇದೆ. ಅದು ಹರಿದರೆ ಆಸ್ಪತ್ರೆಗೆ ತಲುಪುವ ಮೊದಲೇ ಜೀವ ಹೋಗಬಹುದು. ಓಡುತ್ತಿರುವವನ ಕಾಲಿಗೆ ಗುರಿ ಇಡುವುದೂ ಸುಲಭವಲ್ಲ.

ಕಾನೂನು ಏನು ಹೇಳುತ್ತದೆ? ಹಳೇ ಸಿಆರ್‌ಪಿಸಿಯ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಕಲಮು, ಬಂಧನವನ್ನು ಬಲವಾಗಿ ವಿರೋಧಿಸುವವನ ಮೇಲೆ ಅಗತ್ಯವಿರುವ ಎಲ್ಲ ಮಾರ್ಗ ಬಳಸಬಹುದು ಅನ್ನುತ್ತದೆ. ಆದರೆ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧದ ಆರೋಪ ಇಲ್ಲದವನನ್ನು ಕೊಲ್ಲುವ ಹಕ್ಕು ಕೊಡುವುದಿಲ್ಲ. ಆತ್ಮರಕ್ಷಣೆಯ ಹಕ್ಕು ಪೊಲೀಸನಿಗೂ ನಮಗೂ ಒಂದೇ. ಅಪಾಯ ಇದೆ ಅಂತ ನ್ಯಾಯವಾಗಿ ಅನ್ನಿಸಿದ ಕ್ಷಣಕ್ಕೆ ಅದು ಶುರುವಾಗುತ್ತದೆ. 2014ರಲ್ಲಿ ಪಿಯುಸಿಎಲ್ ಅನ್ನುವ ನಾಗರಿಕ ಹಕ್ಕುಗಳ ಸಂಘಟನೆ ಮತ್ತು ಮಹಾರಾಷ್ಟ್ರ ಸರ್ಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 16 ಸೂಚನೆ ಕೊಟ್ಟಿತು. ಅವು ಸಾವಿಗೆ ಮಾತ್ರವಲ್ಲ, ಎನ್‌ಕೌಂಟರ್‌ನಲ್ಲಿ ತೀವ್ರ ಗಾಯ ಆದಾಗಲೂ ಅನ್ವಯ. ಮೊದಲ ಸೂಚನೆ ನನಗೆ ಬಹಳ ಇಷ್ಟ. ಗಂಭೀರ ಅಪರಾಧಿಯ ಚಲನವಲನದ ಸುಳಿವು ಸಿಕ್ಕರೆ ಅದನ್ನು ಕೇಸ್ ಡೈರಿಯಲ್ಲೋ ಎಲೆಕ್ಟ್ರಾನಿಕ್ ರೂಪದಲ್ಲೋ ಬರೆದಿಡಬೇಕು. ಏನು ಗೊತ್ತಿದ್ದು ಹೊರಟಿರಿ ಅನ್ನುವುದಕ್ಕೆ ಆಗ ದಾಖಲೆ ಇರುತ್ತದೆ.

ಅಮೆರಿಕದ ಸುಪ್ರೀಂ ಕೋರ್ಟ್ 1989ರ ಗ್ರಹಾಂ ಪ್ರಕರಣದಲ್ಲಿ, ಪೊಲೀಸನ ನಡೆಯನ್ನು ಆಮೇಲೆ ಕೂತು ತೂಗಬಾರದು, ಸ್ಥಳದಲ್ಲಿದ್ದ ವಿವೇಕಿ ಪೊಲೀಸನ ಕಣ್ಣಿಂದ ನೋಡಬೇಕು ಅಂದಿತು. ಆ ಪ್ರಕರಣದ ಮೂಲ ಓದಿದರೆ ಮಾತ್ರ ನಗು ಬರುತ್ತದೆ, ಆಮೇಲೆ ಬೇಜಾರಾಗುತ್ತದೆ. ಗ್ರಹಾಂ ಸಕ್ಕರೆ ಕಾಯಿಲೆಯವನು. ಸಕ್ಕರೆ ಇಳಿದು ಕಿತ್ತಳೆ ರಸ ತರಲು ಅಂಗಡಿಗೆ ಓಡಿದ. ಉದ್ದ ಸಾಲು ನೋಡಿ ಓಡಿಯೇ ಹೊರಬಂದ. ಕಳ್ಳ ಇರಬೇಕು ಅಂತ ಪೊಲೀಸನಿಗೆ ಅನ್ನಿಸಿತು. ಆ ಗಲಾಟೆಯಲ್ಲಿ ಅವನ ಪಾದದ ಮೂಳೆ ಮುರಿಯಿತು.

ಅನುಭವದ ಕಷ್ಟ ಇದೇ ಅಲ್ವಾ? ಅಗ್ನಿಶಾಮಕ ದಳದ ನಾಯಕರನ್ನು ಅಧ್ಯಯನ ಮಾಡಿದ ಗ್ಯಾರಿ ಕ್ಲೈನ್ ಅನ್ನುವ ಮನಶ್ಶಾಸ್ತ್ರಜ್ಞ, ಪಳಗಿದವರು ನಾಲ್ಕು ದಾರಿ ಹೋಲಿಸಿ ಆರಿಸುವುದಿಲ್ಲ, ಹಿಂದೆ ಕಂಡದ್ದರ ಗುರುತು ಹಿಡಿದು ತಕ್ಷಣ ಹೆಜ್ಜೆ ಇಡುತ್ತಾರೆ ಅಂತ ತೋರಿಸಿದ. ಬೆಂಕಿಯ ಮಟ್ಟಿಗೆ ಅದು ಸರಿ. ತಪ್ಪು ಊಹಿಸಿದರೆ ಬೆಂಕಿ ಅಲ್ಲೇ ಹೇಳುತ್ತದೆ. ಪೊಲೀಸನಿಗೆ ಯಾರು ಹೇಳುತ್ತಾರೆ? ಪಾಪದವನೊಬ್ಬನನ್ನು ಅಪಾಯ ಅಂತ ತಿಳಿದು ನೆಲಕ್ಕೆ ಕೆಡವಿ ಕೈ ಕಟ್ಟಿದರೆ, ಅವನು ಸುಮ್ಮನೆ ಮನೆಗೆ ಹೋಗುತ್ತಾನೆ. ಕಟ್ಟಿದ್ದರಿಂದಲೇ ಏನೂ ಆಗಲಿಲ್ಲ ಅಂತ ಪೊಲೀಸ್ ತಿಳಿಯುತ್ತಾನೆ. ಹೀಗೆ ಒಂದು ಕೇರಿಯ ಬಗ್ಗೆ, ಒಂದು ವೇಷದ ಬಗ್ಗೆ ಇರುವ ಪೂರ್ವಗ್ರಹ ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಅನುಭವ ಅನ್ನುವ ಹೆಸರು ಪಡೆಯುತ್ತದೆ. ರೌಡಿ ಶೀಟಿನಲ್ಲೂ ಇದೇ ತೊಂದರೆ. ಹತ್ತು ವರ್ಷದ ಹಿಂದಿನ ಒಂದು ಹೊಡೆದಾಟಕ್ಕೆ ಹೆಸರು ಸೇರಿದವನು ಈಗ ಆಟೋ ಓಡಿಸಿಕೊಂಡು ಮಕ್ಕಳನ್ನು ಓದಿಸುತ್ತಿರಬಹುದು. ರಾತ್ರಿ ಗಸ್ತಿನ ಟಾರ್ಚು ಮಾತ್ರ ಅವನ ಮುಖಕ್ಕೇ ಬೀಳುತ್ತದೆ.

ಇಡೀ ವ್ಯವಸ್ಥೆಯೂ ಹೀಗೆ ಒಂದೇ ಕಡೆ ನೋಡುವುದುಂಟು. 2005ರ ಫೆಬ್ರವರಿ 6ರಂದು ಚಿಕ್ಕಮಗಳೂರು ಜಿಲ್ಲೆಯ ಬಳಿಗೆಯಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಹತನಾದ. ಆಗ ಮಲೆನಾಡಿನ ಪೊಲೀಸರೆಲ್ಲ ಆಗುಂಬೆ, ಶೃಂಗೇರಿ ಕಾಡಿನ ಕಡೆ ಕಣ್ಣಿಟ್ಟಿದ್ದರು. ಸೇಡು ತೀರಿದ್ದು ಬಯಲುಸೀಮೆಯ ಪಾವಗಡದಲ್ಲಿ. ಕೆಲವೇ ದಿನದಲ್ಲಿ ವೆಂಕಟಮ್ಮನಹಳ್ಳಿಯ ಶಾಲೆಯಲ್ಲಿ ತಂಗಿದ್ದ ಕೆಎಸ್‌ಆರ್‌ಪಿ (ರಾಜ್ಯ ಮೀಸಲು ಪೊಲೀಸ್) ಸಿಬ್ಬಂದಿ ಮೇಲೆ ರಾತ್ರಿ ದಾಳಿ ಆಯಿತು. ಅದಾದ ಮೇಲೆ ವರ್ಷಗಟ್ಟಲೆ ನಮ್ಮ ಕಡೆಯ ಗಸ್ತಿನವರು ಕಾಡಂಚಿನ ಮನೆಯಲ್ಲಿ ನೀರು ಕೇಳಲೂ ಹಿಂದೆಮುಂದೆ ನೋಡುತ್ತಿದ್ದರು ಅಂತ ಚಿಕ್ಕಪ್ಪ ಹೇಳುತ್ತಾರೆ. 2025ರ ಜನವರಿಯಲ್ಲಿ ಆರು ಜನ ನಕ್ಸಲರು ಬೆಂಗಳೂರಿನಲ್ಲಿ ಶರಣಾದಾಗ ಚಿಕ್ಕಪ್ಪ ಟಿವಿ ಮುಂದೆ ಬಹಳ ಹೊತ್ತು ಕೂತಿದ್ದರು.

 

ಇನ್ನು ನಮ್ಮ ಕೈಯಲ್ಲಿ ಇರುವುದು ಫೋನು. 112ಕ್ಕೆ ಕರೆ ಮಾಡಿದಾಗ ನಾವೆಲ್ಲ "ಬೇಗ ಬನ್ನಿ, ಕಡೀತಾನೆ" ಅಂತಷ್ಟೇ ಕೂಗಿ ಇಟ್ಟುಬಿಡುತ್ತೇವೆ. ಫೋನ್ ಎತ್ತುವವರು ಒಬ್ಬರು, ಗಾಡಿಯಲ್ಲಿ ಬರುವವರು ಇನ್ನೊಬ್ಬರು. ಮನೆಯಲ್ಲಿ ಕೋವಿ ಇದೆಯಾ, ಇದ್ದರೆ ಈಗ ಎಲ್ಲಿದೆ ಅಂತ ಹೇಳಿ. ಕುಡಿದಿದ್ದಾನಾ, ಮಾತ್ರೆ ತೆಗೆದುಕೊಳ್ಳುವವನಾ, ಅದನ್ನು ಬಿಟ್ಟು ಎಷ್ಟು ದಿನ ಆಯಿತು ಅಂತ ಹೇಳಿ. ಒಳಗೆ ಯಾರು ಯಾರಿದ್ದಾರೆ, ಮಕ್ಕಳಿದ್ದಾರಾ, ಹಿತ್ತಿಲ ಬಾಗಿಲು ತೆರೆದಿದೆಯಾ. ನಿಮಗೆ ಖಾತ್ರಿ ಇಲ್ಲದ್ದನ್ನು "ಇರಬಹುದು" ಅಂತಲೇ ಹೇಳಿ, ಮತ್ತು ಅದನ್ನು ಗಾಡಿಯವರಿಗೆ ತಿಳಿಸಿ ಅಂತ ಒತ್ತಿ ಹೇಳಿ. ಅವನು ಯಾರ ಮಾತು ಕೇಳುತ್ತಾನೆ ಅನ್ನುವುದನ್ನೂ ಸೇರಿಸಿ: ಅಕ್ಕನ ಗಂಡನೋ, ಶಾಲೆಯ ಮೇಷ್ಟ್ರೋ, ಸೊಸೈಟಿಯ ಸೆಕ್ರೆಟರಿಯೋ. ಅಂಥವರನ್ನು ದಾರಿಯಲ್ಲೇ ಜೀಪಿಗೆ ಹತ್ತಿಸಿಕೊಂಡು ಹೋಗುತ್ತಿದ್ದದ್ದು ಚಿಕ್ಕಪ್ಪನ ಹಳೇ ಪದ್ಧತಿ. ಜೀಪು ಉಣುಗೋಲಿನ ಆಚೆ ನಿಂತರೆ ಪೊಲೀಸರನ್ನು ಬೈಯಬೇಡಿ. ಯಾರಾದರೂ ಒಬ್ಬರು ಕೊಡೆ ಹಿಡಿದು ಅಲ್ಲಿಗೇ ಹೋಗಿ, ಒಳಗೆ ಏನಾಗುತ್ತಿದೆ ಅಂತ ಹೇಳಿ.